ನಮ್ಮ ಮನೆಯಲ್ಲಿ ಹಸುವೇ ಇಲ್ಲ

ಹಾಲಿನ ಡೈರಿಗಳು ಬಳಸುವ ತಂತ್ರಾಂಶಕ್ಕೆ ಪರದೆಗಳನ್ನು ರೂಪಿಸುವುದು ನನ್ನ ಕೆಲಸ. ರೈತರು ತಂದ ಹಾಲಿನ ತೂಕ, ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಲ್ಲ ದಾಖಲಾಗಿ ಅವರ ಕೈಗೊಂದು ಚೀಟಿ ಸೇರಬೇಕು. ಪರದೆಯ ತಲೆಯಲ್ಲಿ ಅಕ್ಕಪಕ್ಕ ಎರಡು ಗುಂಡಿಗಳು: ಹಸು, ಎಮ್ಮೆ. ಆರಿಸಿದ್ದು ನೀಲಿ, ಆರಿಸದ್ದು ಬಿಳಿ. ಇದರಲ್ಲಿ ಎಡವಲು ಏನಿದೆ ಎಂದುಕೊಂಡಿದ್ದೆ.

ಮೊದಲ ಬಾರಿ ಹಳ್ಳಿಯ ಡೈರಿಯಲ್ಲಿ ಬಳಸಿ ನೋಡಿದ ದಿನ ನಾನೂ ಅಲ್ಲಿದ್ದೆ. ಅಜ್ಜಿಯೊಬ್ಬರು ಕ್ಯಾನು ಕೆಳಗಿಟ್ಟು ಚೀಟಿಯನ್ನು ಮೊಮ್ಮಗಳಿಂದ ಓದಿಸಿದರು. ಫ್ಯಾಟ್ 6.8, ಹಾಲು ಹಸುವಿನದು. "ನಮ್ಮ ಮನೆಯಲ್ಲಿ ಹಸುವೇ ಇಲ್ಲವಲ್ಲಪ್ಪಾ" ಎಂದರು ಅಜ್ಜಿ. ಹಾಲು ಅಳೆಯುವ ಹುಡುಗ ಪರದೆಯನ್ನು ನನ್ನತ್ತ ತಿರುಗಿಸಿದ. ಹಸು ನೀಲಿ, ಎಮ್ಮೆ ಬಿಳಿ. "ಎಮ್ಮೆಯೇ ಆಗಿದೆ ನೋಡಿ ಮೇಡಂ. ನೀಲಿ ಇದ್ದರೆ ಒತ್ತಬೇಕು ಎಂದು ತಾನೇ? ಕೆಳಗಿನ ‘ಉಳಿಸಿ’ಯೂ ನೀಲಿಯೇ."

ಅವನ ತರ್ಕದಲ್ಲಿ ಎಳ್ಳಷ್ಟೂ ಲೋಪವಿರಲಿಲ್ಲ. ಉಳಿದೆಲ್ಲ ಕಡೆ ನೀಲಿ ಎಂದರೆ ‘ನನ್ನನ್ನು ಒತ್ತು’ ಎಂದು ಕಲಿಸಿದವಳು ನಾನೇ. ಇಲ್ಲಿ ಮಾತ್ರ ಅದೇ ನೀಲಿಗೆ ‘ಒತ್ತಿ ಆಗಿದೆ’ ಎಂಬ ಅರ್ಥ ಕೊಟ್ಟಿದ್ದೆ. ಗುಂಡಿಗಳು ಮೂರು ನಾಲ್ಕು ಇದ್ದಿದ್ದರೆ ಬೇರೆ ಬಣ್ಣದ್ದು ಒಂಟಿಯಾಗಿ ಎದ್ದು ಕಾಣುತ್ತಿತ್ತು. ಎರಡೇ ಇದ್ದಾಗ ಯಾವುದು ಗುಂಪು, ಯಾವುದು ಒಂಟಿ?

ಹಳೆಯ ಟೇಬಲ್ ಫ್ಯಾನಿನಲ್ಲಿ ಈ ಗೊಂದಲವಿರಲಿಲ್ಲ. 2 ಒತ್ತಿದರೆ ಅದು ಒಳಗೇ ಕೂರುತ್ತಿತ್ತು, 1 ಟಕ್ಕೆಂದು ಮೇಲೇಳುತ್ತಿತ್ತು. ಕತ್ತಲೆಯಲ್ಲೂ ಬೆರಳಿಗೆ ತಿಳಿಯುತ್ತಿತ್ತು. ಹಳೆಯ ಕಾರುಗಳ ರೇಡಿಯೋ ಗುಂಡಿಗಳೂ ಹೀಗೆಯೇ. ಹಲವದರಲ್ಲಿ ಒಂದನ್ನೇ ಆರಿಸಲು ಬಿಡುವ, ಪರದೆಯ ಮೇಲಿನ ‘ರೇಡಿಯೋ ಬಟನ್’ಗೆ ಆ ಹೆಸರು ಬಂದದ್ದು ಅಲ್ಲಿಂದ. ವಿಂಡೋಸ್ 95 ಇದನ್ನೇ ಗೆರೆಗಳಲ್ಲಿ ಅನುಕರಿಸಿತ್ತು: ಗುಂಡಿಯ ಮೇಲಂಚು, ಎಡಅಂಚು ಬೆಳ್ಳಗೆ, ಉಳಿದೆರಡು ಕಪ್ಪಗೆ, ಒತ್ತಿದಾಗ ಅದು ತಿರುಗುಮುರುಗಾಗಿ ಗುಂಡಿ ಒಳಗೆ ಇಳಿದಂತೆ ಕಾಣುತ್ತಿತ್ತು. 2013ರಲ್ಲಿ ಐಫೋನಿನ ತಂತ್ರಾಂಶ ಐಒಎಸ್ 7 ಚಪ್ಪಟೆ ನೋಟದೊಂದಿಗೆ ಬಂದ ಮೇಲೆ ನಾವೆಲ್ಲ ಉಬ್ಬುತಗ್ಗುಗಳನ್ನು ಹಳೆಯ ಕಾಲದ್ದೆಂದು ಕಿತ್ತೆಸೆದೆವು. ಚೆಂದವೇನೋ ಆಯಿತು, ಆದರೆ ಹೇಳಬೇಕಾದ ಮಾತೆಲ್ಲ ಬಣ್ಣವೊಂದರ ತಲೆಗೆ ಬಿತ್ತು.

ಕಚೇರಿಗೆ ಮರಳಿ ಮೊದಲು ಮಾಡಿದ್ದು ನೀಲಿಯನ್ನು ಇನ್ನಷ್ಟು ಗಾಢವಾಗಿಸಿದ್ದು. ಹೊರಗಿನ ಬಿಸಿಲಿನಲ್ಲಿ ಅದೂ ಮಂಕಾಯಿತು. ಅರ್ಥ ಹೇಗೂ ಬದಲಾಗಿರಲಿಲ್ಲ. ಆಮೇಲೆ ಆರಿಸದ ಗುಂಡಿಯನ್ನು ಬೂದು ಮಾಡಿದೆ. ಮರುದಿನವೇ ಹುಡುಗನ ಫೋನು: "ಮೇಡಂ, ಎಮ್ಮೆ ಹಾಲು ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದೀರಾ?" ಬೂದು ಎಂದರೆ ಸತ್ತ ಗುಂಡಿ ಎಂಬುದನ್ನೂ ನಾವೇ ಕಲಿಸಿದ್ದೆವಲ್ಲ.

ಮೂರನೆಯ ಬಾರಿ ಆರಿಸಿದ ಗುಂಡಿಗೆ ದಪ್ಪ ಸರಿಗುರುತು, ದಪ್ಪ ಅಕ್ಷರ, ದಪ್ಪ ಅಂಚು ಕೊಟ್ಟೆ. ಇನ್ನೊಂದನ್ನು ಬಿಳಿಯಾಗಿಯೇ ಬಿಟ್ಟು ತೆಳು ಅಂಚಿನೊಳಗೆ ಕಪ್ಪು ಅಕ್ಷರ ಇಟ್ಟೆ. ತೂಕದ ಅಂಕಿಯ ಪಕ್ಕದಲ್ಲೇ ‘ಎಮ್ಮೆ ಹಾಲು’ ಎಂದು ದೊಡ್ಡದಾಗಿ ಬರೆಸಿದೆ, ಏಕೆಂದರೆ ಅಳೆಯುವವನ ಕಣ್ಣು ಇರುವುದು ಅಲ್ಲಿ. ಮೊದಲೇ ಹಸುವನ್ನು ಆರಿಸಿಡುವ ನಮ್ಮ ಅತಿ ಜಾಣತನವನ್ನೂ ತೆಗೆದೆ. ಹೊಸ ರೈತರ ಸರದಿ ಬಂದಾಗ ಎರಡೂ ಖಾಲಿ. ಬಣ್ಣವೊಂದರಿಂದಲೇ ಅರ್ಥ ಹೇಳಬಾರದು ಎಂಬುದು ಅಂಗವಿಕಲರೂ ಜಾಲತಾಣಗಳನ್ನು ಬಳಸುವಂತಾಗಲೆಂದು ರೂಪಿಸಿದ ಡಬ್ಲ್ಯೂಸಿಎಜಿ ಮಾರ್ಗಸೂಚಿಯಲ್ಲಿ 1999ರಿಂದಲೇ ಇದೆ. 2018ರ ಆವೃತ್ತಿಯು ಗುಂಡಿಯ ಸ್ಥಿತಿ ತೋರಿಸುವ ಗುರುತಿಗೂ ಪಕ್ಕದ ಬಣ್ಣಕ್ಕೂ ಹೊಳಪಿನಲ್ಲಿ ಕನಿಷ್ಠ 3:1 ವ್ಯತ್ಯಾಸ ಇರಬೇಕೆಂದು ಕೇಳುತ್ತದೆ. ಅದನ್ನು ನಾನು ಓದಿದ್ದೆ, ತರಬೇತಿಯಲ್ಲಿ ಇತರರಿಗೆ ಪಾಠವನ್ನೂ ಮಾಡಿದ್ದೆ! ಈಗ ಪ್ರತಿ ಪರದೆಯನ್ನೂ ಕಪ್ಪುಬಿಳುಪು ಮಾಡಿ, ಅದನ್ನು ಎಂದೂ ನೋಡಿರದ ಯಾರಿಗಾದರೂ ಕೊಟ್ಟು ‘ಯಾವುದು ಆರಿಸಿದೆ?’ ಎಂದು ಕೇಳುತ್ತೇನೆ. ಉತ್ತರಿಸುವ ಮೊದಲು ಅವರು ಯೋಚಿಸಿದರೆ ಆ ಪರದೆ ನನ್ನ ಮೇಜಿಗೆ ವಾಪಸು.

ತಿಂಗಳ ನಂತರ ಅದೇ ಡೈರಿಗೆ ಹೋದೆ. ಹಸು, ಎಮ್ಮೆ ಸರಿಯಾಗಿವೆ ಎಂದ ಹುಡುಗ, ಪರದೆಯ ಮೂಲೆಗೆ ಬೆರಳಿಟ್ಟ. "ಇದಕ್ಕೂ ಒಂದು ಸರಿಗುರುತು ಹಾಕಿಕೊಡಿ ಮೇಡಂ." ಬೆಳಿಗ್ಗೆ, ಸಂಜೆ ಎಂಬ ಎರಡು ಪುಟ್ಟ ಗುಂಡಿಗಳು ಅಲ್ಲಿ ಇನ್ನೂ ನೀಲಿ, ಬಿಳಿಯಲ್ಲೇ ಕೂತಿದ್ದವು.