"ಅಲ್ಲಿ ಮಲಗೋಕೆ ಹೆದರಿಕೆ ಆಗಲಿಲ್ವಾ?"

ಹಳೆಯ ಯುದ್ಧಭೂಮಿಯಲ್ಲಿ ಉಳಿದು ಬಂದೆ ಅಂದಾಗೆಲ್ಲ ಜನ ಕೇಳುವುದು ಇದನ್ನೇ. ಇಲ್ಲ, ಆಗಲಿಲ್ಲ. ದೆವ್ವವೂ ಬರಲಿಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಾನು ಉಳಿದುಕೊಂಡಿದ್ದು ಬೆಲ್ಜಿಯಂನಲ್ಲಿ, ಈಪರ್ ಪಟ್ಟಣದ ಹೊರಗಿನ ಒಂದು ರೈತರ ಮನೆಯಲ್ಲಿ. ಹಳೆಯ ಕೊಟ್ಟಿಗೆಯನ್ನೇ ಕೋಣೆಗಳನ್ನಾಗಿ ಮಾಡಿ ಬಾಡಿಗೆಗೆ ಕೊಡುತ್ತಾರೆ. ಬೆಳಗಿನ ತಿಂಡಿ ಅವರ ಅಡುಗೆಮನೆಯಲ್ಲೇ. ಸುತ್ತ ಆಲೂಗಡ್ಡೆ, ಮುಸುಕಿನ ಜೋಳ. ಮೊದಲ ಮಹಾಯುದ್ಧದಲ್ಲಿ, 1914ರಿಂದ 1918ರವರೆಗೆ, ಇದೇ ಹೊಲಗಳಲ್ಲಿ ಲಕ್ಷಗಟ್ಟಲೆ ಜನ ಕಾದಾಡಿದರು.

ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತಿದ್ದ ದೂರದ ನೆಂಟರೊಬ್ಬರು, "ಅಷ್ಟು ದುಡ್ಡು ಸುರಿದು ಸ್ಮಶಾನದಲ್ಲಿ ಮಲಗೋಕೆ ಹೋಗಿದ್ಯೇನಮ್ಮಾ?" ಅಂದರು. ಪಂಕ್ತಿಯೆಲ್ಲ ನಕ್ಕಿತು. ನನಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಅಲ್ಲಿ ಜನ ಬಾಳುತ್ತಿದ್ದಾರೆ. ಮಕ್ಕಳು ಸೈಕಲ್ ತುಳಿದು ಶಾಲೆಗೆ ಹೋಗುತ್ತಾರೆ. ಯುದ್ಧದಲ್ಲಿ ನೆಲಸಮವಾದ ಊರನ್ನು ಅವರ ಅಜ್ಜ ಮುತ್ತಜ್ಜಂದಿರು ವಾಪಸ್ ಬಂದು ಮತ್ತೆ ಕಟ್ಟಿದರು. ಇಷ್ಟನ್ನೂ ಒಂದು ತಮಾಷೆಗೆ ಅಳಿಸಿಬಿಟ್ಟರೆ ಸಿಟ್ಟು ಬರುತ್ತದೆ, ಅಲ್ವಾ?

ಹೆದರಿಕೆ ಅಂತ ಇದ್ದರೆ ಅದು ಹಗಲು ಹೊತ್ತು, ಟ್ರ್ಯಾಕ್ಟರ್ ಮೇಲೆ ಕೂತವರಿಗೆ. ಅಲ್ಲಿಯದು ಜೇಡಿಮಣ್ಣು. ಯುದ್ಧದಲ್ಲಿ ಶೆಲ್ (ಫಿರಂಗಿ ಗುಂಡು) ದಾಳಿಗೆ ಹೊಲದ ನೀರು ಬಸಿಯುವ ಕಾಲುವೆಗಳೆಲ್ಲ ಹಾಳಾದವು. ಮೇಲಿಂದ ಮಳೆ ಬೇರೆ. 1917ರ ಪಾಶೆಂಡೇಲ್ ಕದನದಲ್ಲಿ ನೆಲವೆಲ್ಲ ಕೆಸರು. ಆ ಕೆಸರಿನಲ್ಲಿ ಹೂತ ಎಷ್ಟೋ ಶೆಲ್‌ಗಳು ಸಿಡಿಯಲೇ ಇಲ್ಲ. ಇವತ್ತಿಗೂ ನೇಗಿಲಿಗೆ ಸಿಗುತ್ತವೆ. ವಿಷಾನಿಲ ತುಂಬಿದವೂ ಇವೆ. ರೈತರು ಅವನ್ನು ಎತ್ತಿ ಹೊಲದ ಅಂಚಿಗೋ ಕರೆಂಟ್ ಕಂಬದ ಬುಡಕ್ಕೋ ಇಡುತ್ತಾರೆ, ಸುದ್ದಿ ಮುಟ್ಟಿದ ಮೇಲೆ ಸೇನೆಯ ಬಾಂಬ್ ದಳ ಬಂದು ಒಯ್ಯುತ್ತದೆ. 2014ರಲ್ಲಿ ಈಪರ್‌ನಲ್ಲಿ ಇಂಥದೊಂದು ಶೆಲ್ ಸಿಡಿದು ಇಬ್ಬರು ಕಟ್ಟಡ ಕೆಲಸಗಾರರು ಸತ್ತರು. ಯುದ್ಧ ಶುರುವಾಗಿ ಹೆಚ್ಚುಕಡಿಮೆ ನೂರು ವರ್ಷ ಆದ ಮೇಲೆ!

ನಾನೂ ಹೊಲ ಇರುವ ಮನೆಯವಳು. ನೇಗಿಲಿಗೆ ಕಲ್ಲು ತಗುಲುವ ಸದ್ದು ಗೊತ್ತು. ಆ ಸದ್ದಿಗೆ ನಮ್ಮಪ್ಪ ಬೈದುಕೊಂಡು ಮುಂದೆ ಹೋಗುತ್ತಿದ್ದರು. ಅಲ್ಲಿ ಹಾಗೆ ಮುಂದೆ ಹೋಗುವಂತಿಲ್ಲ. ಆದರೂ ಪ್ರತಿ ವರ್ಷ ಬಿತ್ತುತ್ತಾರೆ. ಅವರ ಮೇಲೆ ನನಗೆ ತುಂಬಾ ಗೌರವ.

ಇಷ್ಟು ಜನ ದೆವ್ವದ ಬಗ್ಗೆ ಕೇಳಿದರು. "ನಮ್ಮವರು ಯಾರಾದರೂ ಅಲ್ಲಿ ಸತ್ತಿದ್ದರಾ?" ಅಂತ ಒಬ್ಬರೂ ಕೇಳಲಿಲ್ಲ. ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಕಾರಣಕ್ಕೆ 1918ರ ಹೈಫಾ ಕದನ ನಮಗೆ ಗೊತ್ತು. ಈಪರ್ ಗೊತ್ತಿಲ್ಲ. 1914ರ ಅಕ್ಟೋಬರ್‌ನಲ್ಲೇ ಭಾರತದ ಸಿಪಾಯಿಗಳು ಬ್ರಿಟಿಷರ ಪರವಾಗಿ ಕಾದಾಡಲು ಅಲ್ಲಿಗೆ ಹೋಗಿದ್ದರು. ಅಕ್ಟೋಬರ್ 31ರಂದು ಈಪರ್ ಹತ್ತಿರದ ಹೊಲೆಬೆಕೆ ಹಳ್ಳಿಯ ಬಳಿ ಮೆಷಿನ್‌ಗನ್ ತಂಡದ ಜೊತೆಗಾರರೆಲ್ಲ ಸತ್ತರೂ, ಗಾಯಗೊಂಡಿದ್ದ ಖುದಾದಾದ್ ಖಾನ್ ಗುಂಡು ಹಾರಿಸುತ್ತಲೇ ಇದ್ದರು. ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸಿಪಾಯಿ ಅವರು. 1915ರ ಏಪ್ರಿಲ್‌ನಲ್ಲಿ ಜರ್ಮನರು ವಿಷಾನಿಲ ಬಿಟ್ಟ ಕೆಲವೇ ದಿನಗಳಲ್ಲಿ ಬ್ರಿಟಿಷರು ಭಾರತೀಯ ಸೇನೆಯ ಲಾಹೋರ್ ಡಿವಿಷನ್‌ನವರನ್ನು ಅದರ ಎದುರಿಗೇ ನುಗ್ಗಿಸಿದರು. ಸರಿಯಾದ ಮುಖವಾಡವೂ ಇರಲಿಲ್ಲ.

ಈಪರ್‌ನಲ್ಲಿ ಸತ್ತ ಸೈನಿಕರ ಸ್ಮಾರಕವಾದ ಮೆನಿನ್ ಗೇಟ್ ಎಂಬ ಹೆಬ್ಬಾಗಿಲಿದೆ, ಅದರ ಗೋಡೆಗಳ ಮೇಲೆ 54,000ಕ್ಕೂ ಹೆಚ್ಚು ಹೆಸರುಗಳಿವೆ. ಎಲ್ಲರೂ ಸಮಾಧಿ ಎಲ್ಲಿದೆ ಅಂತ ಗೊತ್ತಿಲ್ಲದವರು. ಅವರಲ್ಲಿ ನಮ್ಮ ದೇಶದವರೂ ಇದ್ದಾರೆ. ದಿನಾ ರಾತ್ರಿ 8 ಗಂಟೆಗೆ ಅಲ್ಲಿ ಬ್ಯೂಗಲ್ ಊದುತ್ತಾರೆ.

ಹೋಗುವವರಿದ್ದರೆ ಸ್ವಲ್ಪ ಮುಂಚೆಯೇ ಹೋಗಿ, ಭಾರತದ ರೆಜಿಮೆಂಟುಗಳ ಸಾಲು ಹುಡುಕಿ ಓದಿ. ಉಳಿದುಕೊಳ್ಳೋಕೆ ರೈತರ ಮನೆಯೇ ಆಗಲಿ. ಹೊಲದಂಚಿನಲ್ಲಿ ತುಕ್ಕು ಹಿಡಿದ ಕಬ್ಬಿಣ ಕಂಡರೆ ಮಾತ್ರ ಮುಟ್ಟಬೇಡಿ, ಮನೆಯವರಿಗೆ ಹೇಳಿ.