ಗೀಟಿನೊಳಗಿನವರು

9ನೇ ತರಗತಿಯ ಮಗಳಿಗೆ ಡಿಜಿಟಲ್ ಫೋಟೋಗ್ರಫಿಯೂ ಒಂದು ಪಾಠ. ಇವತ್ತಿನ ಮನೆಗೆಲಸ, ಓಡುವ ವಸ್ತುವನ್ನು ಬೇರೆ ಬೇರೆ ಶಟರ್ ವೇಗದಲ್ಲಿ, ಅಂದರೆ ಕ್ಯಾಮೆರಾದ ಕಣ್ಣನ್ನು ಹೆಚ್ಚು ಹೊತ್ತು ಇಲ್ಲವೇ ಕಡಿಮೆ ಹೊತ್ತು ತೆರೆದು, ಸೆರೆಹಿಡಿಯುವುದು. ಮುಂಬೈಯಲ್ಲಿ ಓಡದ ವಸ್ತು ಯಾವುದಿದೆ, ಹೇಳಿ!

ಮಾಟುಂಗ ಸ್ಟೇಷನ್ನಿಗೆ ಹೋದೆವು. ಅಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ, ಒಂದೇ ಉಸಿರಿಗೆ ದಾಟಿಹೋಗುತ್ತದೆ.

ಮೊದಲು 1/15 ಸೆಕೆಂಡು. ಕೈ ನಡುಗೀತೆಂದು ಕ್ಯಾಮೆರಾವನ್ನು ನನ್ನ ಊಟದ ಡಬ್ಬಿಯ ಮೇಲಿಟ್ಟಳು. ಬೆಳಕು ಹೆಚ್ಚಾದೀತೆಂದು ಅಪರ್ಚರ್ ಅನ್ನು, ಅಂದರೆ ಬೆಳಕು ಒಳಬರುವ ಕಿಂಡಿಯನ್ನು, ಎಫ್ 22ಕ್ಕೆ ತಂದಳು. ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದಂತೆ. (“ಕನಕನ ಕಿಂಡಿಯ ಹಾಗೆಯೇ?” ಎಂದೆ. ನಗಲಿಲ್ಲ.) ಫೋಟೋದಲ್ಲಿ ಗಾಡಿಯೇ ಇಲ್ಲ, ಬರೀ ಬಣ್ಣದ ಗೀಟು. ಪಕ್ಕದ ಕಂಬ ಮಾತ್ರ ಕಂಬದಂತೆ ನಿಂತಿತ್ತು.

ಆಮೇಲೆ 1/1000. ಕಿಂಡಿ ದೊಡ್ಡದಾಯಿತು, ಗಾಡಿ ಮೊಳೆ ಹೊಡೆದಂತೆ ನಿಂತುಬಿಟ್ಟಿತು. ಬಾಗಿಲಲ್ಲಿ ಒಬ್ಬರು, ಒಂದು ಕೈಯಲ್ಲಿ ಕಂಬಿ, ಎದೆಗೆ ಅವುಚಿಕೊಂಡ ಚೀಲ, ಕಣ್ಣು ಮುಚ್ಚಿದೆ. ನಿಂತಲ್ಲೇ ನಿದ್ದೆ. ಜೇಬಿನ ಪೆನ್ನಿನ ಮುಚ್ಚಳ ಕೂಡ ಕಾಣುತ್ತಿತ್ತು.

ಮಗಳು ಚಿತ್ರವನ್ನು ಹಿಗ್ಗಿಸಿ ಬಹಳ ಹೊತ್ತು ನೋಡಿದಳು.

“ಅಪ್ಪಾ, ನೀವೂ ಹೀಗೆಯೇ ಬರುತ್ತೀರಾ?”

22 ವರ್ಷಗಳಿಂದ ಇದೇ ದಾರಿ. ಪ್ಲಾಟ್‌ಫಾರ್ಮಿನಿಂದ ನನ್ನನ್ನು ನಾನು ನೋಡಿಕೊಂಡವನಲ್ಲ. ಆ ಮೊದಲ ಗೀಟಿನೊಳಗೂ ಇಂಥವರು ಎಷ್ಟು ಜನ ಇದ್ದರೋ.

ಶಾಲೆಗೆ ಎರಡನ್ನೂ ಒಪ್ಪಿಸುತ್ತಾಳಂತೆ. ನಿದ್ದೆಯವರ ಮುಖವನ್ನಷ್ಟೇ ಮಸುಕು ಮಾಡಿದ್ದಾಳೆ. ಕೇಳದೆ ತೆಗೆದದ್ದಲ್ಲವೇ, ಎಂದಳು.