ಹಳೆಯ ಸ್ಕ್ಯಾನರ್ ಬಿಟ್ಟುಹೋದ ಡ್ರೈವರ್

ವಿಂಡೋಸ್ 10ರಿಂದ 11ಕ್ಕೆ ಹೋಗಲು ನಾನು ಮೂರು ಬಾರಿ ಪ್ರಯತ್ನಿಸಿದೆ. ಮೂರು ಬಾರಿಯೂ ಲ್ಯಾಪ್‌ಟಾಪ್ ಮೊದಲ ರೀಸ್ಟಾರ್ಟ್ ಆದ ಮೇಲೆ ಶೇಕಡಾ 35ರಲ್ಲಿ ನಿಂತು, ಮಾಡಿದ್ದನ್ನೆಲ್ಲ ರದ್ದುಪಡಿಸಿ, ಹಳೆಯ ಆವೃತ್ತಿಗೇ ಮರಳಿತು. ಕೊನೆಗೆ ಉಳಿದದ್ದು 0ಎಕ್ಸ್‌ಸಿ1900101 ಎಂಬ ದೋಷಸಂಖ್ಯೆ. ನೋಡಲು ಒರಟಾದರೂ ಇದು ಉಪಕಾರಿಯೇ, ಏಕೆಂದರೆ ಹೀಗೆ ಆರಂಭವಾಗುವ ದೋಷಗಳು ಸಾಮಾನ್ಯವಾಗಿ ಡ್ರೈವರ್, ಅಂದರೆ ಒಂದು ಸಾಧನವನ್ನು ವಿಂಡೋಸ್ ಜೊತೆ ಕೆಲಸ ಮಾಡಿಸುವ ತಂತ್ರಾಂಶದ ತೊಂದರೆಯನ್ನು ಸೂಚಿಸುತ್ತವೆ.

ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನಪಟ್ಟು ಒಂದು ಸಂಜೆಯನ್ನು ವ್ಯರ್ಥ ಮಾಡಿದೆ. ಮೊದಲು ಲಾಗ್, ಅಂದರೆ ನಡೆದದ್ದನ್ನು ವಿಂಡೋಸ್ ಬರೆದಿಡುವ ದಾಖಲೆಯನ್ನು ಓದಬೇಕಿತ್ತು. ಸಿ ಡ್ರೈವ್‌ನಲ್ಲಿ ಅಡಗಿರುವ ಅಪ್‌ಗ್ರೇಡ್ ಫೋಲ್ಡರಿನೊಳಗೆ ಪ್ಯಾಂಥರ್ ಎಂಬ ಫೋಲ್ಡರ್ ಇರುತ್ತದೆ. ಅಲ್ಲಿನ ದೋಷ ಲಾಗಿನ ಕೊನೆಯ ಸಾಲುಗಳಲ್ಲಿ ಓಇಎಂ23.ಐಎನ್‌ಎಫ್ ಎಂಬ ಡ್ರೈವರ್ ಕಡತದ ಹೆಸರು ಮತ್ತೆ ಮತ್ತೆ ಕಾಣಿಸಿತು. ಪಿಎನ್‌ಪಿಯುಟಿಲ್ ಕಮಾಂಡ್ ಮೂಲಕ ಡ್ರೈವರುಗಳ ಪಟ್ಟಿ ತೆಗೆದಾಗ, ಅದು ನಾನು ಎಂದೋ ಬೇರೆಯವರಿಗೆ ಕೊಟ್ಟುಬಿಟ್ಟ ಸ್ಕ್ಯಾನರಿನದೆಂದು ತಿಳಿಯಿತು. ಸಾಧನ ಮನೆ ಬಿಟ್ಟರೂ ಅದರ ಡ್ರೈವರ್ ಪ್ಯಾಕೇಜ್, ವಿಂಡೋಸ್ ಡ್ರೈವರುಗಳನ್ನು ಕೂಡಿಡುವ ಡ್ರೈವರ್ ಸ್ಟೋರಿನಲ್ಲಿ ಉಳಿದಿರುತ್ತದೆ. ಅಪ್‌ಗ್ರೇಡ್ ಅದನ್ನೂ ಹೊಸ ವ್ಯವಸ್ಥೆಗೆ ಸಾಗಿಸಲು ಹೋಗಿ ಮುಗ್ಗರಿಸುತ್ತಿತ್ತು.

ಕಡತಗಳ ಬ್ಯಾಕಪ್ ತೆಗೆದು, ಅದೇ ಕಮಾಂಡಿನಿಂದ ಆ ಪ್ಯಾಕೇಜನ್ನು ಅಳಿಸಿ, ಯುಎಸ್‌ಬಿಗೆ ಜೋಡಿಸಿದ್ದನ್ನೆಲ್ಲ ಕಿತ್ತು, ನಾಲ್ಕನೆಯ ಬಾರಿ ಆರಂಭಿಸಿದೆ. ಶೇಕಡಾ 35ರಲ್ಲಿ ಎಂದಿನಂತೆ ತುಸು ತಡೆದು, ಬಳಿಕ 36 ಎಂದು ತೋರಿಸಿತು. ಆಮೇಲೆ ನಾನು ಪರದೆಯ ಮುಂದೆ ಕೂರಲಿಲ್ಲ.